ಒಂದೇ ಪೊರಕೆ, ಎರಡು ಪಗಾರ

ಎಂಟನೇ ಕೇಂದ್ರ ವೇತನ ಆಯೋಗ ರಚನೆಯಾದ ಬಳಿಕ ಥಾಣೆ-ಕಲ್ಯಾಣ್ ನಡುವಿನ ಲೋಕಲ್ ಗಾಡಿಗಳಲ್ಲಿ ಪಗಾರದ ಮಾತು ಮತ್ತೆ ಜೋರಾಗಿದೆ. ನಿವೃತ್ತ ನ್ಯಾಯಮೂರ್ತಿ ರಂಜನಾ ಪ್ರಕಾಶ್ ದೇಸಾಯಿ ಅವರ ಅಧ್ಯಕ್ಷತೆಯ ಈ ಆಯೋಗಕ್ಕೆ ವರದಿ ಒಪ್ಪಿಸಲು 2025ರ ನವೆಂಬರಿನಿಂದ 18 ತಿಂಗಳ ಕಾಲಾವಕಾಶ ಕೊಡಲಾಗಿದೆ. ಎಷ್ಟು ಪಟ್ಟು ಏರಬಹುದು, ಬಾಕಿ ಹಣ ಎಂದು ಸಿಗಬಹುದು ಎಂದು ಗುಮಾಸ್ತರೂ ಅಧಿಕಾರಿಗಳೂ ಮೊಬೈಲಿನಲ್ಲಿ ಲೆಕ್ಕ ಹಾಕುತ್ತಿದ್ದಾರೆ. ಆದರೆ ಯಾವ ಆಯೋಗವೇ ಬರಲಿ, ಮೊದಲು ನಿಶ್ಚಯಿಸುವುದು ಅತ್ಯಂತ ಕೆಳಗಿನ ಪಗಾರವನ್ನು. ರೈಲು ಹಳಿಯ ಮೇಲೆ ಸುತ್ತಿಗೆ ಹಿಡಿದವನಿಗೆ, ಆಫೀಸು ಗುಡಿಸುವವಳಿಗೆ ತಿಂಗಳಿಗೆ ಎಷ್ಟು ಕೊಡಬೇಕೆಂಬುದು ನಿಂತ ಮೇಲೆಯೇ ಉಳಿದ ಮೆಟ್ಟಿಲುಗಳ ಲೆಕ್ಕ.

ಈ ಕೆಳಗಿನ ಮೆಟ್ಟಿಲಿಗೂ ನಮಗೂ ಏನು ಸಂಬಂಧ ಎಂದು ಸಂಘ-ಸಂಸ್ಥೆಗಳ ಬಾಂಧವರು ಕೇಳಬಹುದು. ಹೊರನಾಡ ಕನ್ನಡಿಗರೆಂದರೆ ಹೋಟೆಲು ಮತ್ತು ಬ್ಯಾಂಕು ಎಂಬ ಮಾತು ನಮ್ಮ ಸಭೆಗಳಲ್ಲಿ ಎಷ್ಟು ಬಾರಿ ಕೇಳಿಬಂದರೂ ಅದು ಅರ್ಧ ಮಾತ್ರ ನಿಜ. ಕಲಬುರ್ಗಿ, ವಿಜಯಪುರ, ಬಾಗಲಕೋಟೆ ಕಡೆಯಿಂದ ಬಂದು ಹಳಿ, ರಸ್ತೆ, ಗಟಾರ, ಕಸದ ಗಾಡಿ ಇವುಗಳಲ್ಲಿ ಜೀವ ತೇದವರೂ ನಮ್ಮವರೇ. ಅವರ ಮನೆಗಳಲ್ಲೂ ಕನ್ನಡವೇ ಮಾತು. ರಾಜ್ಯೋತ್ಸವದ ದಿನ ಹಿಂದಿನ ಸಾಲಿನಲ್ಲಿ ಬಂದು ಕುಳಿತು, ಊಟಕ್ಕೆ ನಿಲ್ಲದೆ ಹೋಗುವವರು ಹೆಚ್ಚಾಗಿ ಇವರೇ.

ಇನ್ಫೀರಿಯರ್ ಸರ್ವಿಸ್‌ನಿಂದ ಲೆವೆಲ್ 1ರ ತನಕ

ಬ್ರಿಟಿಷರ ಕಾಲದಲ್ಲಿ ಕೈಕೆಲಸದ ಸರಕಾರಿ ನೌಕರಿಗೆ ಇದ್ದ ಹೆಸರು ‘ಇನ್ಫೀರಿಯರ್ ಸರ್ವಿಸ್’, ಅಂದರೆ ಕೀಳು ಸೇವೆ. ಕಡತದಲ್ಲಿ ಹಾಗೆಯೇ ಬರೆಯುತ್ತಿದ್ದರು. ನ್ಯಾಯಮೂರ್ತಿ ಶ್ರೀನಿವಾಸ ವರದಾಚಾರಿಯರ್ ಅವರ ಮೊದಲ ವೇತನ ಆಯೋಗ 1947ರಲ್ಲಿ ಆ ಹೆಸರನ್ನು ತೆಗೆದು ನಾಲ್ಕನೇ ದರ್ಜೆ ಎಂದಿತು. ಮೂಲವೇತನ 30 ರೂಪಾಯಿ, ತುಟ್ಟಿಭತ್ಯೆ 25 ರೂಪಾಯಿ, ಒಟ್ಟು 55 ರೂಪಾಯಿ ಎಂದು ಗೊತ್ತುಮಾಡಿತು.

ಹತ್ತು ವರ್ಷಗಳ ನಂತರ, 1957ರಲ್ಲಿ, 15ನೇ ಭಾರತೀಯ ಕಾರ್ಮಿಕ ಸಮ್ಮೇಳನದಲ್ಲಿ ಸರಕಾರ, ಮಾಲಕರು, ಕಾರ್ಮಿಕ ಸಂಘಟನೆಗಳು ಸೇರಿ ಕನಿಷ್ಠ ಪಗಾರಕ್ಕೆ ಒಂದು ಅಳತೆ ಗೊತ್ತುಮಾಡಿದವು. ದುಡಿಯುವವನ ಸಂಸಾರವನ್ನು ಮೂರು ಪಾಲೆಂದು ಹಿಡಿಯಬೇಕು. ಪೌಷ್ಟಿಕಾಂಶ ತಜ್ಞ ಡಾ. ಐಕ್ರಾಯ್ಡ್ ಅವರ ಲೆಕ್ಕದಂತೆ ಒಬ್ಬನಿಗೆ ದಿನಕ್ಕೆ 2,700 ಕ್ಯಾಲೊರಿ ಊಟ ಬೇಕು. ತಲೆಗೆ ವರ್ಷಕ್ಕೆ 18 ಗಜ ಬಟ್ಟೆ, ಅಂದರೆ ನಾಲ್ವರ ಮನೆಗೆ 72 ಗಜ. ಅದರ ಮೇಲೆ ಮನೆ ಬಾಡಿಗೆ, ಸೌದೆ, ದೀಪ, ಇತರ ಖರ್ಚು. ಇವತ್ತಿಗೂ ಸಂಘಟನೆಗಳು ಎತ್ತಿ ಹಿಡಿಯುವುದು ಈ 1957ರ ಅಳತೆಯನ್ನೇ. ಆದರೆ 1959ರಲ್ಲಿ ವರದಿ ಕೊಟ್ಟ ಜಗನ್ನಾಥ ದಾಸ್ ಆಯೋಗ ಇದನ್ನು ಒಪ್ಪದೆ 80 ರೂಪಾಯಿಗೆ ನಿಂತಿತು. ಮರುವರ್ಷ ಜುಲೈಯಲ್ಲಿ ಕೇಂದ್ರ ನೌಕರರು ಐದು ದಿನ ಮುಷ್ಕರ ಹೂಡಿದ್ದಕ್ಕೆ ಇದೂ ಒಂದು ಮುಖ್ಯ ಕಾರಣ.

ಆಮೇಲಿನದ್ದನ್ನು ಬೇಗ ಹೇಳಿ ಮುಗಿಸಬಹುದು. ಮೂರನೇ ಆಯೋಗ 1973ರಲ್ಲಿ 185 ಎಂದಿತು, ಸರಕಾರ 196 ಮಾಡಿತು. ನಾಲ್ಕನೆಯದು 750. ಐದನೆಯದು 2,440 ಎಂದಾಗ ಸರಕಾರ 2,550 ಕೊಟ್ಟಿತು. ಆರನೆಯದರಲ್ಲಿ 7,000. ನ್ಯಾಯಮೂರ್ತಿ ಎ. ಕೆ. ಮಾಥುರ್ ಅವರ ಏಳನೇ ಆಯೋಗದಲ್ಲಿ, 2016ರ ಜನವರಿ 1ರಿಂದ, 18,000. ಸಂಘಟನೆಗಳು ಕೇಳಿದ್ದು 26,000. ‘ದರ್ಜೆ’ ಎಂಬ ಮಾತೂ ಈಗ ಹೋಗಿ ‘ಲೆವೆಲ್ 1’ ಎಂದಾಗಿದೆ.

ಇಲ್ಲಿ ಒಂದು ಗೊಂದಲವನ್ನು ಬಿಡಿಸಬೇಕು. ಊರಿಗೆ ಹೋದಾಗ ಬಹಳ ಜನ ಕೇಳುವ ಪ್ರಶ್ನೆ ಇದು: ಕರ್ನಾಟಕದಲ್ಲಿ ಜವಾನನ ಮೂಲವೇತನವೇ 27,000 ಆಗಿದೆ, ನಿಮ್ಮ ಮಹಾರಾಷ್ಟ್ರದಲ್ಲಿ 15,000 ಅಂತೆ, ಕೇಂದ್ರದಲ್ಲೂ 18,000 ಅಂತೆ, ಮತ್ತೆ ಮುಂಬಯಿಯಲ್ಲೇನಿದೆ? ಮೂರೂ ಅಂಕಿಗಳು ಸರಿ, ಹೋಲಿಕೆ ತಪ್ಪು. ಮಹಾರಾಷ್ಟ್ರ ಮತ್ತು ಕೇಂದ್ರದ ಅಂಕಿಗಳು 2016ರ ಬೆಲೆಯವು, ಅವುಗಳ ಮೇಲೆ ತುಟ್ಟಿಭತ್ಯೆ ಕೂಡುತ್ತಾ ಹೋಗುತ್ತದೆ. ಕರ್ನಾಟಕದ ಏಳನೇ ರಾಜ್ಯ ವೇತನ ಆಯೋಗ 2022ರ ಜುಲೈಯಲ್ಲಿದ್ದ ಶೇ. 31 ತುಟ್ಟಿಭತ್ಯೆಯನ್ನು ಮೂಲವೇತನದಲ್ಲೇ ಸೇರಿಸಿ, ಮೇಲೆ ಶೇ. 27.5 ಕೊಟ್ಟಿತು. ಹಳೆಯ 17,000ಕ್ಕೆ ಇವೆರಡನ್ನೂ ಸೇರಿಸಿದರೆ 26,945 ಬರುತ್ತದೆ, ಅದನ್ನೇ 27,000 ಮಾಡಿದರು. ಕೇಂದ್ರದ 18,000ಕ್ಕೆ 2025ರ ಜುಲೈಯ ಶೇ. 58 ತುಟ್ಟಿಭತ್ಯೆ ಸೇರಿದರೆ 28,440 ಆಗುತ್ತದೆ. ಮನೆ ಬಾಡಿಗೆ ಭತ್ಯೆ ಬೇರೆ. ಥಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬಯಿ ಎಲ್ಲವೂ ಬೃಹನ್ಮುಂಬಯಿ ನಗರ ಸಮೂಹಕ್ಕೆ ಸೇರಿದ್ದರಿಂದ ಇಲ್ಲಿ ಶೇ. 30ರ ದರದಲ್ಲಿ 5,400 ರೂಪಾಯಿ. ಅದರಲ್ಲಿ ಡೊಂಬಿವಲಿಯಲ್ಲಿ ಎಂಥ ಖೋಲಿ ಸಿಗುತ್ತದೆ ಎಂಬುದನ್ನು ಓದುಗರಿಗೆ ನಾನು ಹೇಳಬೇಕಾಗಿಲ್ಲ.

ಅಂಬರನಾಥದ ಅಂಕಪಟ್ಟಿ

ಕಲ್ಯಾಣದಿಂದ ಮೂರೇ ಸ್ಟೇಶನ್ ಮುಂದಿರುವ ಅಂಬರನಾಥದಲ್ಲಿ ರಕ್ಷಣಾ ಇಲಾಖೆಯ ಎರಡು ಕಾರ್ಖಾನೆಗಳು ಹತ್ತಿರ ಹತ್ತಿರದಲ್ಲೇ ಇವೆ. ಒಂದು ಆರ್ಡ್‌ನೆನ್ಸ್ ಫ್ಯಾಕ್ಟರಿ, ಇನ್ನೊಂದು ಮೆಶಿನ್ ಟೂಲ್ ಪ್ರೊಟೋಟೈಪ್ ಫ್ಯಾಕ್ಟರಿ. 2021ರ ಅಕ್ಟೋಬರ್ 1ರಿಂದ ಇವು ಇಲಾಖೆಯ ನೇರ ಆಡಳಿತದಿಂದ ಹೊರಬಂದು, ಮೊದಲನೆಯದು ಯಂತ್ರ ಇಂಡಿಯಾ ಲಿಮಿಟೆಡ್‌ಗೂ ಎರಡನೆಯದು ಆರ್ಮರ್ಡ್ ವೆಹಿಕಲ್ಸ್ ನಿಗಮಕ್ಕೂ ಸೇರಿವೆ. ಕೈಕೆಲಸಕ್ಕೆ ದರ್ಜೆ ಕಟ್ಟುವುದು ಎಷ್ಟು ಸೂಕ್ಷ್ಮದ ಕೆಲಸ ಎಂಬುದಕ್ಕೆ ಇಂಥ ಕಾರ್ಖಾನೆಗಳಲ್ಲಿ ನಡೆದದ್ದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.

ರಕ್ಷಣಾ ಇಲಾಖೆಯ ಕಾರ್ಖಾನೆಗಳಲ್ಲಿ ನೂರಾರು ಕಸುಬುಗಳು. ಬಡಗಿ, ಮೋಲ್ಡರ್, ಪೇಂಟರ್, ದರ್ಜಿ, ಫಿಟ್ಟರ್, ಕಮ್ಮಾರ. ಯಾರು ಯಾರಿಗಿಂತ ಮೇಲು? ಮೂರನೇ ವೇತನ ಆಯೋಗ ಇದನ್ನು ತಾನು ತೀರ್ಮಾನಿಸದೆ ತಜ್ಞರಿಗೆ ಒಪ್ಪಿಸಿರಿ ಎಂದಿತು. 1974ರಲ್ಲಿ ವರ್ಗೀಕರಣ ತಜ್ಞ ಸಮಿತಿ ನೇಮಕವಾಯಿತು. ಪ್ರತಿಯೊಂದು ಕಸುಬಿಗೂ, ಪರೀಕ್ಷೆಯಲ್ಲಿ ಮಕ್ಕಳಿಗೆ ಕೊಡುವಂತೆ, ಅಂಕ ಕೊಟ್ಟರು. ಇಂಥ ಅಂಕಪದ್ಧತಿಯಲ್ಲಿ ಕಲಿಯಲು ಹಿಡಿಯುವ ಸಮಯ, ಮೈಯ ಶ್ರಮ, ಹೊಣೆ, ಶಾಖ-ಹೊಗೆ-ಅಪಾಯ ಎಲ್ಲಕ್ಕೂ ಬೇರೆ ಬೇರೆ ತೂಕ ಇರುತ್ತದೆ. ಒಟ್ಟು ಅಂಕದ ಮೇಲೆ ಅಕುಶಲ, ಅರೆಕುಶಲ, ಕುಶಲ, ಅತಿಕುಶಲ ಎರಡನೇ ಮತ್ತು ಒಂದನೇ ದರ್ಜೆ ಎಂದು ಐದು ವೇತನಶ್ರೇಣಿಗಳು. ಅರೆಕುಶಲನಿಗೆ 210-290, ಕುಶಲನಿಗೆ 260-400. ಗಡಿ ಇದ್ದದ್ದು 251 ಅಂಕದಲ್ಲಿ. 251 ಮುಟ್ಟಿದ ಕಸುಬಿಗೆ 260ರಿಂದ ಪಗಾರ ಆರಂಭ, ಮುಟ್ಟದಿದ್ದರೆ 210.

ಐವತ್ತು ರೂಪಾಯಿ ಆ ಕಾಲಕ್ಕೆ ಸಣ್ಣದಲ್ಲ. 1981ರ ಅಕ್ಟೋಬರ್ 16ರಿಂದ ಹೊಸ ಶ್ರೇಣಿ ಜಾರಿಗೆ ಬಂದದ್ದೇ ತಡ, ದೂರುಗಳು ಆರಂಭವಾದವು. ವೈಷಮ್ಯಗಳನ್ನು ಸರಿಪಡಿಸಲು ಇನ್ನೊಂದು ಸಮಿತಿ ಬಂತು. ಅದು ಕೆಲವು ಕಸುಬುಗಳನ್ನು ಕುಶಲ ದರ್ಜೆಗೆ ಏರಿಸಿತು, ಆದರೆ ಸರಕಾರ ಅವರಿಗೆ 1984ರ ಅಕ್ಟೋಬರ್ 15ರಿಂದ ಮಾತ್ರ ಲಾಭ ಕೊಟ್ಟಿತು. ಅದೇ ದರ್ಜೆಯ ಉಳಿದವರಿಗೆ ಮೂರು ವರ್ಷ ಮೊದಲೇ ಸಿಕ್ಕಿತ್ತು. ಭಗವಾನ್ ಸಹಾಯ್ ಎಂಬ ಬಡಗಿ ಮತ್ತು ಸಂಗಡಿಗರು ಸುಪ್ರೀಂ ಕೋರ್ಟಿಗೆ ಹೋದರು. 1989ರಲ್ಲಿ ನ್ಯಾಯಾಲಯ, ಒಂದೇ ದರ್ಜೆಯವರಲ್ಲಿ ಇಂಥ ಭೇದ ಸಲ್ಲದು, ಇವರಿಗೂ 1981ರಿಂದಲೇ ಕೊಡಿ ಎಂದಿತು. ನಮ್ಮ ದೇಶದ ಕಾನೂನು ಪುಸ್ತಕಗಳಲ್ಲಿ ಒಬ್ಬ ಬಡಗಿಯ ಹೆಸರು, ಅವನ ಕಸುಬಿನ ಸಮೇತ, ಹೀಗೆ ಉಳಿದುಕೊಂಡಿದೆ.

ಈ ಅಂಕಪದ್ಧತಿಯಲ್ಲಿ ಕೊರತೆ ಇರಲಿಲ್ಲವೆಂದಲ್ಲ. 250ಕ್ಕೂ 251ಕ್ಕೂ ನಡುವೆ ಇರುವ ಕೌಶಲ ಯಾವ ತಜ್ಞನಿಗೆ ಕಂಡೀತು? ಆದರೂ ಅಲ್ಲಿ ಒಂದು ಒಳ್ಳೆಯದಿತ್ತು. ಯಾರಾದರೊಬ್ಬರು ಆ ಕೆಲಸದ ಬಳಿ ನಿಂತು ನೋಡಿ, ಇದು ಕಷ್ಟದ್ದು, ಇದಕ್ಕೆ ಇಷ್ಟು ಅಂಕ ಎಂದು ಕಾಗದದಲ್ಲಿ ಬರೆಯಬೇಕಿತ್ತು. ಬರೆದ ಕಾಗದ ಇದ್ದುದರಿಂದಲೇ ಬಡಗಿಗೆ ನ್ಯಾಯಾಲಯದಲ್ಲಿ ನಿಲ್ಲಲು ನೆಲ ಸಿಕ್ಕಿತು. ಮುಂದೆ ಹೇಳುವ ಗುತ್ತಿಗೆ ಕೆಲಸಗಾರರಿಗೆ ಇಲ್ಲದಿರುವುದು ಈ ಕಾಗದವೇ.

ಬೆಂಗಳೂರಿನಲ್ಲಿ ಹುಟ್ಟಿದವರ ಆಯೋಗ

ಆರನೇ ವೇತನ ಆಯೋಗದ ಅಧ್ಯಕ್ಷರಾಗಿದ್ದ ನ್ಯಾಯಮೂರ್ತಿ ಬಿ. ಎನ್. ಶ್ರೀಕೃಷ್ಣ ಅವರನ್ನು ಮುಂಬಯಿಯವರು 1992-93ರ ಗಲಭೆಗಳ ತನಿಖಾ ಆಯೋಗದಿಂದ ಬಲ್ಲರು. ಬೆಳ್ಳೂರು ನಾರಾಯಣಸ್ವಾಮಿ ಶ್ರೀಕೃಷ್ಣ 1941ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಮುಂಬಯಿಯಲ್ಲಿ ಕಾರ್ಮಿಕ ಕಾನೂನಿನ ವಕೀಲಿಕೆಯಲ್ಲಿ ಹೆಸರು ಮಾಡಿದವರು. 2008ರ ಮಾರ್ಚಿನಲ್ಲಿ ಒಪ್ಪಿಸಿದ ವರದಿಯಲ್ಲಿ ಅವರು ಡಿ ದರ್ಜೆಯನ್ನೇ ರದ್ದುಮಾಡಲು ಹೇಳಿದರು. ಜವಾನ, ಫರಾಶ್, ಸಫಾಯಿವಾಲಾ ಎಂಬ ಬೇರೆ ಬೇರೆ ಹುದ್ದೆಗಳೆಲ್ಲ ಸೇರಿ ‘ಮಲ್ಟಿ ಟಾಸ್ಕಿಂಗ್ ಸ್ಟಾಫ್’ ಆಗಬೇಕು, ಎಲ್ಲರೂ ಸಿ ದರ್ಜೆಗೆ ಏರಬೇಕು, ಹೊಸದಾಗಿ ಸೇರುವವರು 10ನೇ ತರಗತಿ ಅಥವಾ ಐಟಿಐ ಪಾಸಾಗಿರಬೇಕು. ಹಳಬರಲ್ಲಿ ಅಷ್ಟು ಓದಿರದವರಿಗೆ ತಾತ್ಕಾಲಿಕವಾಗಿ 4440-7440ರ ಶ್ರೇಣಿ, ತರಬೇತಿ ಮುಗಿಸಿದ ಮೇಲೆ 5200-20200 ಮತ್ತು 1,800 ಗ್ರೇಡ್ ಪೇ.

ನಾಲ್ಕನೇ ದರ್ಜೆಯವ ಎಂಬ ಮಾತು ಕೇಳಿಕೊಂಡೇ ನಿವೃತ್ತರಾದ ಎಷ್ಟೋ ಹಿರಿಯರಿಗೆ ಇದು ಗೌರವದ ವಿಷಯ. ವರದಿಯ ಆ ಭಾಗವನ್ನು ಮೆಚ್ಚಲೇಬೇಕು. ಆದರೆ ಅದರ ಇನ್ನೊಂದು ಪರಿಣಾಮವನ್ನೂ ನೋಡಬೇಕು. ಐದನೇ ಆಯೋಗ ಆಗಲೇ ಹತ್ತು ವರ್ಷಗಳಲ್ಲಿ ಸಿಬ್ಬಂದಿಯನ್ನು ಶೇ. 30 ಇಳಿಸಲು ಹೇಳಿತ್ತು. ಆರನೆಯದರ ನಂತರ ಏಳನೇ ಕ್ಲಾಸು ಓದಿ ಪೊರಕೆ ಹಿಡಿಯಲು ತಯಾರಿದ್ದವನಿಗೆ ಸರಕಾರದ ಬಾಗಿಲು ಮುಚ್ಚಿತು. ಕೆಲಸ ಮಾತ್ರ ನಿಲ್ಲಲಿಲ್ಲ. ಆಫೀಸು ದಿನಾ ಗುಡಿಸಲೇಬೇಕಲ್ಲ? ಆ ಕೆಲಸ ಠೇಕೇದಾರನ ಕೈಗೆ ಹೋಯಿತು. ಹಾಗಾಗಿ ಮೆಟ್ಟಿಲು ಎತ್ತರವಾಗುತ್ತಾ ಬಂದಂತೆ ಅದರ ಮೇಲೆ ನಿಂತವರ ಸಂಖ್ಯೆ ಇಳಿಯುತ್ತಾ ಬಂತು.

ಒಳಗೆ ಹೋಗಲು ಎಷ್ಟು ಜನ ಕಾದಿದ್ದಾರೆ ಎಂಬುದಕ್ಕೆ ರೈಲ್ವೆಯೇ ಸಾಕ್ಷಿ. 2018ರಲ್ಲಿ ಲೆವೆಲ್ 1ರ 62,907 ಹುದ್ದೆಗಳಿಗೆ ಒಂದೂಮುಕ್ಕಾಲು ಕೋಟಿಗೂ ಹೆಚ್ಚು ಅರ್ಜಿಗಳು ಬಂದವು. ಹಳಿ ಕಾಯುವ ಟ್ರ್ಯಾಕ್ ಮೇಂಟೇನರ್, ಅಂದರೆ ನಮ್ಮ ಹಿರಿಯರ ಭಾಷೆಯ ಗ್ಯಾಂಗ್‌ಮನ್, ಈ ಗುಂಪಿನಲ್ಲೇ ಬರುತ್ತಾನೆ. ಲಿಖಿತ ಪರೀಕ್ಷೆ ಕಳೆದ ಮೇಲೆ ಮೈಕಸುವಿನ ಪರೀಕ್ಷೆ. ಗಂಡಸರು 35 ಕಿಲೋ ತೂಕ ಹೊತ್ತು, ಕೆಳಗಿಡದೆ, 100 ಮೀಟರನ್ನು 2 ನಿಮಿಷದಲ್ಲಿ ಮುಟ್ಟಬೇಕು, 1,000 ಮೀಟರನ್ನು 4 ನಿಮಿಷ 15 ಸೆಕೆಂಡಿನಲ್ಲಿ ಓಡಬೇಕು. ಹೆಂಗಸರಿಗೆ 20 ಕಿಲೋ, ಓಟಕ್ಕೆ 5 ನಿಮಿಷ 40 ಸೆಕೆಂಡು. ಲಿಖಿತ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು ಎಂಬುದು ನಮ್ಮ ಎಷ್ಟೋ ಹುಡುಗರಿಗೆ ಗೊತ್ತಿಲ್ಲ. ಮರಾಠಿ ಶಾಲೆಯಲ್ಲಿ ಓದಿದವರಿಗೆ ಮರಾಠಿಯೂ ಇದೆ.

ಕುಶಲ ಯಾರು, ಅಕುಶಲ ಯಾರು?

ಏಳನೇ ಆಯೋಗ 18,000ದ ಲೆಕ್ಕ ಹಾಕಿದ ರೀತಿಯಲ್ಲೇ ಈ ವಿಷಯದ ಗಂಟು ಇದೆ. ಅವರು 1957ರ ಅಳತೆಯನ್ನೇ ತೆಗೆದುಕೊಂಡು ಅಕ್ಕಿ, ಬೇಳೆ, ಹಾಲು, ತರಕಾರಿ, ಬಟ್ಟೆಯ ಬೆಲೆ ಕೂಡಿಸಿದರು. ಮದುವೆ-ಹಬ್ಬಗಳ ಖರ್ಚು ಸೇರಿಸಿದರು. ಅದರ ಮೇಲೆ ಶೇ. 25ನ್ನು ಕುಶಲತೆಗೆಂದು ಸೇರಿಸಿದರು. ಕಾರಣ, ಡಿ ದರ್ಜೆ ರದ್ದಾದ ಮೇಲೆ ಸರಕಾರದಲ್ಲಿ ಅಕುಶಲ ನೌಕರ ಎಂಬವನೇ ಇಲ್ಲ, ಕೆಳಗಿನ ಮೆಟ್ಟಿಲಿನವನೂ ಕುಶಲನೇ.

ಸರಿ. ಈಗ ಅದೇ ಕೇಂದ್ರ ಸರಕಾರದ ಕನಿಷ್ಠ ಕೂಲಿ ಪಟ್ಟಿಯನ್ನು ತೆರೆಯೋಣ. 2024ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ದರದಂತೆ ದೊಡ್ಡ ನಗರಗಳಲ್ಲಿ ಗುಡಿಸುವ, ಶುಚಿಮಾಡುವ, ಹೇರಿ ಇಳಿಸುವ ಅಕುಶಲ ಕೆಲಸಕ್ಕೆ ದಿನಕ್ಕೆ 783 ರೂಪಾಯಿ, ಕುಶಲ ಕೆಲಸಕ್ಕೆ 954 ರೂಪಾಯಿ. ಗುಡಿಸುವವರನ್ನು ಠೇಕೇದಾರ ಬರೆದುಕೊಳ್ಳುವುದು ಮೊದಲನೆಯ ಸಾಲಿನಲ್ಲಿ. ಅದೇ ಪೊರಕೆ (ನಮ್ಮೂರ ಹಿಡಿಸೂಡಿ, ಕಲಬುರ್ಗಿಯವರ ಕಸಬರಿಗೆ), ಅದೇ ಫ್ಲಾಟ್‌ಫಾರ್ಮು, ಅದೇ ಫಿನಾಯಿಲು. ಸರಕಾರದ ಹಾಜರಿ ಪುಸ್ತಕದಲ್ಲಿ ಹೆಸರಿದ್ದರೆ ಅದು ಕುಶಲ ಕೆಲಸ, ಠೇಕೇದಾರನ ಹಜೇರಿಯಲ್ಲಿದ್ದರೆ ಅಕುಶಲ ಕೆಲಸ.

ಬ್ಯಾಂಕಿನವನಾದ್ದರಿಂದ ಲೆಕ್ಕ ಬಿಡಿಸಿ ಹೇಳುತ್ತೇನೆ. 783ನ್ನು 26 ದಿನಕ್ಕೆ ಗುಣಿಸಿದರೆ 20,358 ರೂಪಾಯಿ. ಅದೇ ಅಕ್ಟೋಬರಿನಲ್ಲಿ ಲೆವೆಲ್ 1ಕ್ಕೆ ಹೊಸದಾಗಿ ಸೇರಿದವನಿಗೆ ಶೇ. 53 ತುಟ್ಟಿಭತ್ಯೆ ಕೂಡಿ 27,540, ಬಾಡಿಗೆ ಭತ್ಯೆ 5,400, ಒಟ್ಟು 32,940. ಪ್ರಯಾಣ ಭತ್ಯೆಯನ್ನು ನಾನು ಸೇರಿಸಿಲ್ಲ. ಮೊದಲ ತಿಂಗಳಿನಲ್ಲೇ 12,582 ರೂಪಾಯಿಯ ಅಂತರ.

ಅಂತರ ಅಷ್ಟಕ್ಕೇ ನಿಂತಿದ್ದರೆ ಹೇಗೋ ಆಗುತ್ತಿತ್ತು. ವೇತನಶ್ರೇಣಿಯ ನಿಜವಾದ ಬೆಲೆ ಇರುವುದು ವರ್ಷಗಳನ್ನು ಎಣಿಸುವುದರಲ್ಲಿ. ಲೆವೆಲ್ 1ರವನ ಮೂಲವೇತನ ವರ್ಷಕ್ಕೊಂದು ಮನೆ ಏರುತ್ತಾ ಹತ್ತು ವರ್ಷಕ್ಕೆ 24,200 ಆಗುತ್ತದೆ. ಬಡ್ತಿ ಸಿಗದಿದ್ದರೂ ಹತ್ತು, ಇಪ್ಪತ್ತು, ಮೂವತ್ತು ವರ್ಷಕ್ಕೊಮ್ಮೆ ಮೇಲಿನ ಲೆವೆಲ್ಲಿಗೆ ಹೋಗುತ್ತಾನೆ. ಗುತ್ತಿಗೆಯವನಿಗೆ ಬೆಲೆ ಏರಿದಾಗ ಕೂಲಿ ಏರೀತು, ವರ್ಷ ಏರಿತೆಂದು ಏರುವುದಿಲ್ಲ. ಠೇಕೇದಾರ ಬದಲಾದಾಗ ಮತ್ತೆ ಮೊದಲ ದಿನ. ಇಪ್ಪತ್ತು ವರ್ಷ ಗುಡಿಸಿದವಳೂ ನಿನ್ನೆ ಬಂದವಳೂ ಒಂದೇ ಸಾಲು.

ನಮ್ಮ ಮಹಾನಗರಪಾಲಿಕೆಗಳಲ್ಲಿ ಲೆಕ್ಕ ಬೇರೆ. ಅಲ್ಲಿ ಅನ್ವಯಿಸುವುದು ರಾಜ್ಯದ ಶ್ರೇಣಿ ಮತ್ತು ರಾಜ್ಯದ ಕನಿಷ್ಠ ಕೂಲಿ. ಥಾಣೆ ಪಾಲಿಕೆಯಾದದ್ದು 1982ರಲ್ಲಿ, ಕಲ್ಯಾಣ್ 1983ರಲ್ಲಿ, ನವಿ ಮುಂಬಯಿ 1992ರಲ್ಲಿ. ತಡವಾಗಿ ಹುಟ್ಟಿದ ಪಾಲಿಕೆಯಾದ್ದರಿಂದಲೋ ಏನೋ, ನವಿ ಮುಂಬಯಿಯ ಸಫಾಯಿ ಕೆಲಸದ ದೊಡ್ಡ ಪಾಲು ಗುತ್ತಿಗೆಯವರದೇ. ‘ಸಮಾನ ಕಾಮ, ಸಮಾನ ವೇತನ’ ಎಂಬ ಫಲಕ ಹಿಡಿದು ಅವರು ಪಾಲಿಕೆಯೆದುರು ಕುಳಿತದ್ದು ಒಂದೆರಡು ಸಲವಲ್ಲ. ಮಹಾರಾಷ್ಟ್ರದಲ್ಲಿ ಖಾಯಂ ಸಫಾಯಿ ಕಾಮಗಾರ ನಿವೃತ್ತನಾದರೆ ಅಥವಾ ತೀರಿಕೊಂಡರೆ ಲಾಡ್-ಪಾಗೆ ಸಮಿತಿಯ ಶಿಫಾರಸಿನಂತೆ ವಾರಸುದಾರನಿಗೆ ಕೆಲಸದ ಹಕ್ಕಿದೆ. ಗುತ್ತಿಗೆಯವರ ಮಕ್ಕಳಿಗೆ ಅದೂ ಇಲ್ಲ.

ಬ್ಯಾಂಕಿನ ಗಂಟೆ ಲೆಕ್ಕ

ಬೇರೆಯವರ ಮನೆಯ ದೋಸೆ ತೂತು ಎಣಿಸುತ್ತಾ ನಮ್ಮ ಬ್ಯಾಂಕುಗಳ ಕಾವಲಿಯನ್ನು ಮರೆಯಬಾರದು. ಬ್ಯಾಂಕುಗಳಿಗೆ ವೇತನ ಆಯೋಗವಿಲ್ಲ. ಮೊದಲು ಶಾಸ್ತ್ರಿ ಮತ್ತು ದೇಸಾಯಿ ನ್ಯಾಯಮಂಡಲಿಗಳ ತೀರ್ಪುಗಳಿದ್ದವು, 1966ರಿಂದ ಆಡಳಿತ ಮತ್ತು ಸಂಘಟನೆಗಳ ನಡುವಿನ ದ್ವಿಪಕ್ಷೀಯ ಒಪ್ಪಂದ. 2024ರ ಮಾರ್ಚ್ 8ರಂದು ಸಹಿಯಾದ ಹನ್ನೆರಡನೆಯದರಲ್ಲಿ ಅಧೀನ ಸಿಬ್ಬಂದಿಯ ಮೂಲವೇತನ 19,500ರಿಂದ, ಗುಮಾಸ್ತರದು 24,050ರಿಂದ ಆರಂಭ.

ಈ ಒಪ್ಪಂದಗಳಲ್ಲಿ ಹೊರಗಿನವರಿಗೆ ಹೆಚ್ಚು ಗೊತ್ತಿಲ್ಲದ ಒಂದು ಕಲಮು ಇದೆ. ಶಾಖೆ ಗುಡಿಸಲು ಬರುವ ಅರೆಕಾಲಿಕ ನೌಕರರಿಗೆ ವಾರದ ಗಂಟೆಯ ಮೇಲೆ ಪಗಾರ. 6ರಿಂದ 13 ಗಂಟೆಯಾದರೆ ಶ್ರೇಣಿಯ ಮೂರನೇ ಒಂದು ಪಾಲು, 19ರ ತನಕ ಅರ್ಧ, 29ರ ತನಕ ಮುಕ್ಕಾಲು, ಅದಕ್ಕಿಂತ ಹೆಚ್ಚಾದರೆ ಪೂರ್ತಿ. ಈಗಿನ ಶ್ರೇಣಿಯಲ್ಲಿ ಮೂರನೇ ಒಂದು ಎಂದರೆ 6,500, ಅರ್ಧ ಎಂದರೆ 9,750. ವಾರಕ್ಕೆ 12 ಗಂಟೆ ಎಂದು ಬರೆದರೆ ಒಂದು, 14 ಎಂದು ಬರೆದರೆ ಇನ್ನೊಂದು. ಬರೆಯುವವರು ಗಡಿಯಾರ ನೋಡಿ ಬರೆಯುತ್ತಾರೆಂದು ಭಾವಿಸಬೇಡಿ. ಹೆಚ್ಚಾಗಿ ನೆಲದ ಚದರ ಅಡಿ ನೋಡಿ ಅಂದಾಜು ಮಾಡುತ್ತಾರೆ.

ನಾನು ಹಿಂದೆ ಕೆಲಸ ಮಾಡಿದ ಒಂದು ಶಾಖೆಯಲ್ಲಿ ಗುಡಿಸಲು ಬರುತ್ತಿದ್ದ ಅಕ್ಕ ವಿಜಯಪುರ ಕಡೆಯವರು. ಮೂರನೇ ಒಂದು ಪಾಲಿನ ಪಗಾರ. ಶಾಖೆಗೆ ಪಕ್ಕದ ಗಾಳೆಯನ್ನು ಸೇರಿಸಿಕೊಂಡರು, ಎಟಿಎಂ ಕೋಣೆ ಬಂತು, ಶೌಚಾಲಯ ಒಂದಿದ್ದದ್ದು ಎರಡಾಯಿತು. ಅವರ ಕಾಗದದಲ್ಲಿ ಗಂಟೆ ಮಾತ್ರ ಹಳೆಯದೇ. ನಾವು ಕೆಲವರು ಟೇಪು ಹಿಡಿದು ನೆಲ ಅಳೆದು, ಸಂಘಟನೆಯ ಮೂಲಕ ಬರೆದೆವು. ಅರ್ಧ ಪಗಾರಕ್ಕೆ ಏರಿಸಲು ಎರಡು ವರ್ಷ ಹಿಡಿಯಿತು. ‘ಸಾಹೇಬ್ರ, ನೆಲಾ ಅಳದ್ರಿ, ನನ್ ಬೆನ್ನ ಯಾರ್ ಅಳೀಲಿಲ್ಲ’ ಎಂದು ಅವರು ನಗುತ್ತಾ ಹೇಳಿದ್ದು ನೆನಪಿದೆ. ಅವರು ನಿವೃತ್ತರಾದ ಮೇಲೆ ಆ ಜಾಗಕ್ಕೆ ಯಾರನ್ನೂ ನೇಮಿಸಲಿಲ್ಲ. ಏಜೆನ್ಸಿಯಿಂದ ಒಬ್ಬ ಹುಡುಗ ಬರತೊಡಗಿದ.

ನ್ಯಾಯಾಲಯ ಹೇಳಿದ್ದು

ಒಂದೇ ಕೆಲಸಕ್ಕೆ ಒಂದೇ ಪಗಾರ ಎಂಬ ಮಾತಿಗೆ ಸುಪ್ರೀಂ ಕೋರ್ಟು ಬಲ ಕೊಟ್ಟದ್ದು 1982ರಲ್ಲಿ, ದಿಲ್ಲಿ ಪೊಲೀಸಿನ ಚಾಲಕ ರಣಧೀರ್ ಸಿಂಗ್ ಅವರ ದಾವೆಯಲ್ಲಿ. ಆ ಬಳಿಕದ ಎರಡು ದೊಡ್ಡ ತೀರ್ಪುಗಳು ನಮ್ಮ ಕರ್ನಾಟಕದಿಂದಲೇ ಹೋದವು. 1990ರಲ್ಲಿ ಧಾರವಾಡ ಜಿಲ್ಲೆಯ ಲೋಕೋಪಯೋಗಿ ಇಲಾಖೆಯ ದಿನಗೂಲಿ ನೌಕರರ ಸಂಘ ಗೆದ್ದು, ಹಂತ ಹಂತವಾಗಿ ಖಾಯಂ ಮಾಡುವ ಯೋಜನೆ ಬಂತು. 2006ರ ಏಪ್ರಿಲ್ 10ರಂದು ಉಮಾದೇವಿ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಬಾಗಿಲನ್ನು ಹಾಕಿತು. ನಿಯಮದಂತೆ ನೇಮಕವಾಗದವರಿಗೆ ಖಾಯಂ ಆಗುವ ಹಕ್ಕಿಲ್ಲ ಎಂದಿತು. ಧಾರವಾಡದವರು ತೆರೆಸಿದ ಬಾಗಿಲನ್ನು ಕರ್ನಾಟಕದ್ದೇ ಇನ್ನೊಂದು ಪ್ರಕರಣ ಮುಚ್ಚಿಸಿದ್ದು ವಿಚಿತ್ರವೇ ಸರಿ.

ಅಲ್ಲಿಂದ ಈಚೆಗೆ ಗಾಳಿ ಸ್ವಲ್ಪ ತಿರುಗಿದೆ. 2016ರ ಅಕ್ಟೋಬರಿನಲ್ಲಿ ಪಂಜಾಬಿನ ಜಗಜಿತ್ ಸಿಂಗ್ ಪ್ರಕರಣದಲ್ಲಿ, ಖಾಯಂ ನೌಕರನ ಕೆಲಸವನ್ನೇ ಮಾಡುವ ತಾತ್ಕಾಲಿಕ ನೌಕರನಿಗೆ ಆ ಶ್ರೇಣಿಯ ಕನಿಷ್ಠ ವೇತನವಾದರೂ ಸಿಗಬೇಕು ಎಂದಾಯಿತು. 2017ರ ಏಪ್ರಿಲಿನಲ್ಲಿ ಮುಂಬಯಿ ಮಹಾನಗರಪಾಲಿಕೆಯ 2,700 ಗುತ್ತಿಗೆ ಸಫಾಯಿ ಕಾಮಗಾರರನ್ನು ಖಾಯಂ ಮಾಡುವ ಆದೇಶ ಬಂತು. ಕಚರಾ ವಾಹತೂಕ್ ಶ್ರಮಿಕ ಸಂಘ ವರ್ಷಗಟ್ಟಲೆ ಹೋರಾಡಿ ಪಡೆದದ್ದು ಅದು. 2024ರ ಡಿಸೆಂಬರಿನಲ್ಲಿ ಕೇಂದ್ರ ಜಲ ಆಯೋಗದ ಕಚೇರಿಯನ್ನು ವರ್ಷಾನುಗಟ್ಟಲೆ ಗುಡಿಸಿದ ಜಗ್ಗೋ ಮತ್ತು ಸಂಗಡಿಗರನ್ನು ಖಾಯಂ ಮಾಡಿರೆಂದು ಹೇಳುತ್ತಾ ನ್ಯಾಯಾಲಯ, ಉಮಾದೇವಿ ತೀರ್ಪನ್ನು ದುಡಿಯುವವರ ವಿರುದ್ಧ ಕತ್ತಿಯಂತೆ ಬಳಸಬಾರದೆಂಬ ಅರ್ಥದ ಮಾತಾಡಿತು.

2025ರ ನವೆಂಬರ್ 21ರಿಂದ ಹಳೆಯ ಕನಿಷ್ಠ ಕೂಲಿ ಕಾಯ್ದೆ, ಗುತ್ತಿಗೆ ಕಾರ್ಮಿಕರ ಕಾಯ್ದೆಗಳ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ. ಎಂಟನೇ ಆಯೋಗದ ವರದಿ ಬಂದಾಗ 18,000 ಎಷ್ಟಾದರೂ ಆಗಲಿ, ಠೇಕೇದಾರನ ಹಜೇರಿಯಲ್ಲಿರುವವರಿಗೆ ಅದು ತಗಲುವುದಿಲ್ಲ. ಅವರಿಗೆ ಉಳಿದಿರುವ ದಾರಿ ಕನಿಷ್ಠ ಕೂಲಿ ಸರಿಯಾಗಿ ಸಿಗುವಂತೆ ನೋಡಿಕೊಳ್ಳುವುದು, ಮತ್ತು ನಾಳೆ ನ್ಯಾಯಾಲಯದಲ್ಲಿ ಕೇಳಿದರೆ ತೋರಿಸಲು ಕಾಗದ ಇಟ್ಟುಕೊಳ್ಳುವುದು.

ಈ ಕಾಗದದ ವಿಷಯದಲ್ಲಿ ಸಂಘಗಳಿಂದ ಆಗಬಹುದಾದ ಕೆಲಸ ಬಹಳ ಇದೆ. ಕೌಂಟರಿನಲ್ಲಿ ನಾನು ನೋಡುವಂತೆ, ಊರಿನ ಶಾಲೆಯಲ್ಲಿ ‘ಶರಣಬಸಪ್ಪ’ ಆಗಿದ್ದವನು ಆಧಾರದಲ್ಲಿ ‘ಶರನಬಸಾಪಾ’, ಠೇಕೇದಾರನ ಪಟ್ಟಿಯಲ್ಲಿ ‘ಶರಣ ಬಾಬು’, ಪಿಎಫ್‌ನಲ್ಲಿ ಇನ್ನೊಂದು. ನಾಲ್ವರೂ ಒಬ್ಬನೇ ಎಂದು ಸಾಬೀತುಮಾಡುವುದರಲ್ಲೇ ವರ್ಷ ಹೋಗುತ್ತದೆ. ಯುಎಎನ್ ನಂಬ್ರ ಎಂದರೇನೆಂದು ಗೊತ್ತಿಲ್ಲದೆ, ಠೇಕೇದಾರ ಬದಲಾದಾಗಲೆಲ್ಲ ಹೊಸ ನಂಬ್ರ ಮಾಡಿಸಿಕೊಂಡು ಹಳೆಯ ಹಣವನ್ನು ಬಿಟ್ಟವರೂ ಇದ್ದಾರೆ. ಪಗಾರದ ಚೀಟಿ ಕೇಳಿ ಪಡೆಯಬೇಕು, ಗೇಟ್ ಪಾಸನ್ನು ಅವಧಿ ಮುಗಿದ ಮೇಲೂ ಎಸೆಯಬಾರದು, ಕೂಲಿ ಬ್ಯಾಂಕ್ ಖಾತೆಗೇ ಬರುವಂತೆ ನೋಡಿಕೊಂಡು ಪಾಸ್‌ಬುಕ್ಕಿನಲ್ಲಿ ಎಂಟ್ರಿ ಹಾಕಿಸಬೇಕು. ಖಾತೆಗೆ ಬಂದ ಹಣದಲ್ಲಿ ಒಂದು ಭಾಗವನ್ನು ಮುಕಾದಮ ನಗದಾಗಿ ವಾಪಸು ಕೇಳಿದರೆ ಆ ತಾರೀಕು, ಮೊತ್ತವನ್ನೂ ಬರೆದಿಡಬೇಕು.

ನಮ್ಮ ಸಂಘಗಳಲ್ಲಿ ನಿವೃತ್ತ ಬ್ಯಾಂಕ್ ನೌಕರರಿಗೆ, ರೈಲ್ವೆ ಗುಮಾಸ್ತರಿಗೆ, ವಕೀಲರಿಗೆ ಕೊರತೆಯಿಲ್ಲ. ಯಕ್ಷಗಾನ, ಹಳದಿ-ಕುಂಕುಮ, ವಿಹಾರಕೂಟ ಎಲ್ಲವೂ ಬೇಕು. ಅದರ ಜೊತೆಗೆ ತಿಂಗಳಿಗೊಂದು ರವಿವಾರ ಬೆಳಿಗ್ಗೆ ಎರಡು ಗಂಟೆ ಸಂಘದ ಕಚೇರಿಯಲ್ಲಿ ಒಂದು ಮೇಜು ಹಾಕಿ, ಪಗಾರದ ಚೀಟಿ ಓದಿ ಹೇಳುವ, ಪಿಎಫ್ ಹೆಸರು ತಿದ್ದಿಸುವ, ರೈಲ್ವೆ ಅರ್ಜಿ ತುಂಬಿಸುವ ಕೆಲಸ ಮಾಡಿದರೆ ಖರ್ಚು ಚಹಾದ್ದು ಮಾತ್ರ. ಕಲ್ಯಾಣ್ ಪೂರ್ವ, ದಿವಾ, ತುರ್ಭೆ, ದಿಘಾ ಕಡೆಯ ವಸತಿಗಳಿಗೆ ಮೊದಲೇ ಹೇಳಿಕಳಿಸಬೇಕು. ಸಮಯ ಹನ್ನೊಂದು ಗಂಟೆಯ ನಂತರ ಇಡುವುದು ಒಳ್ಳೆಯದು, ಏಕೆಂದರೆ ರವಿವಾರವೂ ಅವರಲ್ಲಿ ಹಲವರ ಪಾಳಿ ಮುಗಿಯುವುದು ಆಗಲೇ.